ಎರಡು ಲೋಟ ನೀರಿನ ಪಂಪು

ನಮ್ಮ ಮನೆಗೆ ಹೊಸದಾಗಿ ಬಂದವರು ಕೂತ ಎರಡು ನಿಮಿಷಕ್ಕೆ ಎದ್ದು ಕಿಟಕಿಯಿಂದ ಆಕಾಶ ನೋಡುತ್ತಿದ್ದರು. ಅದು ವಿಮಾನವಲ್ಲ, ನಮ್ಮ ಕಂಪ್ಯೂಟರು ಎಂದು ನಾನು ವಿನಯದಿಂದ ಹೇಳಬೇಕಾಗುತ್ತಿತ್ತು.

ನಾನು ಪರದೆ ಅಂಗಡಿಯಲ್ಲಿ ಕೆಲಸ ಮಾಡುವವನು. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು, ಕೋಣೆಯ ಫೋಟೋ ತೆಗೆಯುವುದು, ಮನೆಗೆ ಬಂದು ಆ ಫೋಟೋದ ಕಿಟಕಿಗೆ ಕಂಪ್ಯೂಟರಿನಲ್ಲೇ ಪರದೆ ತೊಡಿಸಿ, "ನೋಡಿ, ಬೆಳಗಿನ ಬಿಸಿಲು ಈ ಮಡಿಕೆಯ ಮೇಲೆ ಹೀಗೆ ಬೀಳುತ್ತೆ" ಎಂದು ತೋರಿಸುವುದು ನನ್ನ ಉದ್ಯೋಗ. ಬಿಸಿಲು ಬೀಳಿಸುವುದೆಂದರೆ ಹುಡುಗಾಟವಲ್ಲ. ಅದಕ್ಕೆ ಭಾರೀ ಕಂಪ್ಯೂಟರು ಬೇಕು, ಆ ಭಾರೀ ಕಂಪ್ಯೂಟರಿಗೆ ಐದು ಫ್ಯಾನು ಬೇಕು. ಹಳೆಯದಾದಂತೆ ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ಕೆಲಸ ಹಚ್ಚದೆ ಸುಮ್ಮನೆ ಆನ್ ಮಾಡಿದರೂ ಐದು ಫ್ಯಾನೂ ಒಟ್ಟಿಗೆ ಊಳಿಡುತ್ತಿದ್ದವು.

ನನಗೆ ಅಭ್ಯಾಸವಾಗಿತ್ತು. ನಮ್ಮ ಮಾವನವರಿಗಂತೂ ಲೆಕ್ಕಕ್ಕೇ ಇರಲಿಲ್ಲ. ಅವರು ಕಾರ್ಖಾನೆಯಲ್ಲಿ ಸೈರನ್ ಊದುವ ಕೆಲಸ ಮಾಡಿ ನಿವೃತ್ತರಾದವರು. ಊರಿಗೆಲ್ಲ ಹೊತ್ತು ತಿಳಿಸಿ ತಮ್ಮ ಕಿವಿ ಕಳೆದುಕೊಂಡಿದ್ದರು. ಕಿವಿಯ ಯಂತ್ರ ಇತ್ತು, ಆದರೆ ಅದು ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು. "ಹಾಕ್ಕೊಂಡ್ರೆ ನಿಮ್ಮ ಕಂಪ್ಯೂಟರ್ ಬಿಟ್ಟು ಬೇರೆ ಏನೂ ಕೇಳಲ್ಲ ಅಳಿಯಂದ್ರೇ, ಅದಕ್ಕಿಂತ ಜೇಬೇ ವಾಸಿ" ಎನ್ನುತ್ತಿದ್ದರು.

ತೊಂದರೆಯಾಗಿದ್ದು ನನ್ನ ಹೆಂಡತಿಗೆ. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುತ್ತಿದ್ದವಳು. ಅವಳು "ಪ್ರಯಾಣಿಕರ ಗಮನಕ್ಕೆ" ಎಂದರೆ ಓಡುತ್ತಿದ್ದವರೂ ನಿಂತು ಕೇಳಿ, ಆಮೇಲೆ ಬಸ್ ತಪ್ಪಿಸಿಕೊಳ್ಳುತ್ತಿದ್ದರು, ಅಂಥ ದನಿ. ಮಾವನವರು ಆಗಾಗ ನಿಲ್ದಾಣಕ್ಕೆ ಹೋಗಿ ಸ್ಪೀಕರಿನ ಕೆಳಗೆ ನಿಲ್ಲುತ್ತಿದ್ದರಂತೆ. ಪಕ್ಕದವರು "ನಿಮ್ಮ ಮಗಳ ದನಿ ಎಷ್ಟು ಚೆನ್ನಾಗಿದೆ" ಎಂದರೆ ತಲೆಯಾಡಿಸಿ ಮನೆಗೆ ಬರುತ್ತಿದ್ದರಂತೆ. ಬಸ್ಸುಗಳ ಗದ್ದಲದಲ್ಲಿ ಅವರಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಕೊನೆಗೆ ಅವಳ ಕುರ್ಚಿಗೆ ಹೊತ್ತು ಹೇಳುವ ಯಂತ್ರವೊಂದು ಬಂತು, ಅವಳು ಮನೆಗೆ ಬಂದಳು. ಆಮೇಲಿನಿಂದ ಅವಳು ಮಾತಾಡುವುದೇ ಕಮ್ಮಿಯಾಯಿತು.

ಹಾಗಿರುವಾಗ ಕಥೆ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಸುವ ಸ್ಟುಡಿಯೋ ಒಂದು ಅವಳ ದನಿ ಕೇಳಿ ಮೆಚ್ಚಿತು. ಮನೆಯಲ್ಲೇ ಕೂತು ಓದಿ ಕಳಿಸಬಹುದು, ಮೈಕು ಅವರದೇ, ಅದನ್ನು ಸಿಕ್ಕಿಸಬೇಕಾದ್ದು ಮಾತ್ರ ನಮ್ಮ ಕಂಪ್ಯೂಟರಿಗೆ. ಪರೀಕ್ಷೆಗೆಂದು ಒಂದು ಕಥೆ ಕೊಟ್ಟರು. ಅವಳು ಓದಿ ಕಳಿಸಿದಳು. ಸ್ಟುಡಿಯೋದ ಮೇಡಂ ಫೋನ್ ಮಾಡಿದರು.

"ದನಿ ಬಂಗಾರ ಕಣ್ರೀ. ಆದ್ರೆ ಹಿಂದೆ ಯಾರೋ ಹಿಟ್ಟಿನ ಗಿರಣಿ ಇಟ್ಟಿದಾರಲ್ಲ?"

ಅವಳು ಮತ್ತೆ ಓದಿದಳು. ನಾನು ಅಂಗಡಿಯ ಮಾದರಿ ಪರದೆಗಳನ್ನೆಲ್ಲ ತಂದು ಮೇಜಿನ ಸುತ್ತ ನೇತುಹಾಕಿದೆ. ಗಿರಣಿ ನಿಲ್ಲಲಿಲ್ಲ. ಮೇಡಂ ಕೊನೆಯ ಮಾತು ಹೇಳಿದರು: ಶನಿವಾರ ಸಂಜೆಯೊಳಗೆ ಸದ್ದಿಲ್ಲದ ರೆಕಾರ್ಡಿಂಗ್ ಬಂದರೆ ಕೆಲಸ ಇವಳದು, ಬಾರದಿದ್ದರೆ ಇನ್ನೊಬ್ಬರದು.

ಹೆಂಡತಿ ಫೋನ್ ಇಟ್ಟು ಒಗೆದ ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಎದ್ದು ನಿಂತು ಘೋಷಿಸಿದೆ.

"ಈ ಕಂಪ್ಯೂಟರಿಗೆ ನಾನು ನೀರು ಹಾಕ್ತೀನಿ!"

"ಹಾಕಿ. ಮೊನ್ನೆ ಟೀ ಹಾಕಿದ್ರಿ, ಕೀಬೋರ್ಡ್ ಸತ್ತುಹೋಯ್ತು."

"ಹಾಗಲ್ಲ ಕಣೇ! ಇದು ವಾಟರ್ ಕೂಲಿಂಗ್. ಗಾಳಿ ಬದಲು ಒಳಗೆ ನಳಿಗೆಯಲ್ಲಿ ನೀರು ಹರಿಯುತ್ತೆ, ಬಿಸಿಯನ್ನ ಹೊತ್ಕೊಂಡು ಹೋಗುತ್ತೆ. ಐದು ಫ್ಯಾನು ಕೂಗೋ ಜಾಗದಲ್ಲಿ ಎರಡು ಫ್ಯಾನು ಪಿಸುಗುಟ್ಟುತ್ತೆ. ಒಂದು ಸದ್ದಿಲ್ಲದ ಪಂಪು ಸಿಕ್ಕಿದ್ರೆ ಮುಗೀತು."

"ನೀವು ನಲ್ಲಿಯ ವಾಷರ್ ಬದಲಾಯಿಸೋಕೆ ಹೋಗಿ ನಲ್ಲಿಯನ್ನೇ ಕೈಗೆ ತಂದವರು," ಎಂದಳು. ಆದರೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು. ಅಷ್ಟು ಸಾಕಿತ್ತು ನನಗೆ.

ನಾನು ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದೆ. ಪಂಡಿತನಾದ ಮೇಲೆ ಪಂಪು ಕೊಳ್ಳಲು ಎಲ್ಲಿಗೆ ಹೋಗಬೇಕು? ಪಂಪಿನ ಅಂಗಡಿಗೆ. ಮುಖ್ಯ ರಸ್ತೆಯಲ್ಲಿ ಮೋಟಾರು, ಪೈಪು, ನಲ್ಲಿ ಮಾರುವ ದೊಡ್ಡ ಅಂಗಡಿಯಿದೆ. ನೇರ ಅಲ್ಲಿಗೇ ಹೋದೆ.

"ಎಷ್ಟು ಹೆಚ್‌ಪಿ ಕೊಡ್ಲಿ ಸಾರ್?" ಎಂದ ಅಂಗಡಿಯವನು.

"ಶಕ್ತಿ ಎಷ್ಟಾದ್ರೂ ಇರ್ಲಿ. ಸದ್ದು ಮಾತ್ರ ಮಾಡಬಾರದು."

"ಎಲ್ಲಿಗೆ?"

"ಮೂರನೇ ಮಹಡಿ. ರೂಮಿನ ಒಳಗೆ ಇಡೋದು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಬಾರದು, ಹಾಗಿರಬೇಕು."

ಅಂಗಡಿಯವನು ಅತ್ತಿತ್ತ ನೋಡಿ ಕೌಂಟರಿನ ಮೇಲೆ ಬಾಗಿದ. "ಸ್ವಲ್ಪ ಮೆಲ್ಲಗೆ ಮಾತಾಡಿ ಸಾರ್. ಎಷ್ಟು ಹೊತ್ತು ಓಡಿಸ್ತೀರಿ?"

"ದಿನವಿಡೀ! ನೀರು ಒಂದು ಕ್ಷಣ ನಿಲ್ಲಬಾರದು. ನಿಂತರೆ ಎಲ್ಲಾ ಸುಟ್ಟುಹೋಗುತ್ತೆ."

ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ನಮ್ಮ ಕಟ್ಟಡದ ಕೆಳಗಿನ ಮನೆಯ ಹಲ್ಲಿನ ಡಾಕ್ಟರು, ಕೈಯಲ್ಲಿ ಒಂದು ನಲ್ಲಿ. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. 'ಮೇಲಿನ ಮನೆಗೆ ನೀರು ಸರಿಯಾಗಿ ಏರುತ್ತಿಲ್ಲ. ಯಾರಾದರೂ ಮನೆಯೊಳಗೆ ಕಳ್ಳ ಮೋಟಾರು ಇಟ್ಟು ನೀರು ಎಳೆದರೆ ಕ್ರಮ ಕೈಗೊಳ್ಳಲಾಗುವುದು' ಎಂದು ಆ ವಾರವಷ್ಟೇ ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದರು. ಅಂಟಿಸುವಾಗ ಗೋಂದಿನ ಡಬ್ಬಿ ಹಿಡಿದುಕೊಂಡು ನಿಂತವನು ನಾನೇ. ಆದರೂ ಆ ಕ್ಷಣದಲ್ಲಿ ಆ ಚೀಟಿಗೂ ನನ್ನ ಪಂಪಿಗೂ ಏನಾದರೂ ಸಂಬಂಧ ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ತಲೆ ಇರುವವರಿಗೆ ತಾನೆ ಹೊಳೆಯುವುದು.

"ಓಹೋ, ಡಾಕ್ಟ್ರೇ! ನೀವೂ ಪಂಪಿಗೆ ಬಂದ್ರಾ?" ಎಂದೆ ಹಲ್ಲು ಬಿಟ್ಟು.

ಅವರು ನನ್ನ ಹಲ್ಲುಗಳನ್ನು ಒಂದೊಂದಾಗಿ ನೋಡಿದರು. ಕೈಯಲ್ಲಿದ್ದ ನಲ್ಲಿಯನ್ನು ಅಲ್ಲೇ ಇಟ್ಟು, ಕೊಳ್ಳದೆ ಹೊರಟುಹೋದರು. ಪಾಪ, ಯಾರಿಗೋ ಹಲ್ಲುನೋವು ಜೋರಾಗಿರಬೇಕು ಎಂದುಕೊಂಡೆ.

ಅಂಗಡಿಯವನು ತೋರಿಸಿದ ಅತಿ ಚಿಕ್ಕ ಮೋಟಾರು ನನ್ನ ಮಾವನವರ ತಲೆಗಿಂತ ದೊಡ್ಡದಿತ್ತು. ಕಂಪ್ಯೂಟರಿನೊಳಗೆ ಇಡುವುದಕ್ಕೆ ಎಂದಾಗ ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಎದುರು ಬೀದಿಯ ಕಂಪ್ಯೂಟರ್ ಅಂಗಡಿಗೆ ದಾರಿ ತೋರಿಸಿದ.

ಅಲ್ಲಿ ನಾನು ಬೆರಗಾಗಿ ನಿಂತೆ. ಅಂಗಡಿಯಾಕೆ ಒಂದು ಪುಟ್ಟ ಡಬ್ಬದಿಂದ ತೆಗೆದು ನನ್ನ ಅಂಗೈ ಮೇಲೆ ಇಟ್ಟದ್ದು ಒಂದು ಮುಷ್ಟಿಯಷ್ಟು ಕಪ್ಪು ಉಂಡೆ. "ಇದೇ ಪಂಪು," ಎಂದಳು. "ಒಳಗಿನ ಚಕ್ರಕ್ಕೂ ಮೋಟಾರಿಗೂ ನಡುವೆ ಒಂದು ದಂಡ ಕೂಡ ಇಲ್ಲ. ಗೋಡೆಯಾಚೆಯಿಂದ ಅಯಸ್ಕಾಂತ ಎಳೆಯುತ್ತೆ, ಚಕ್ರ ನೀರಿನಲ್ಲೇ ತೇಲ್ತಾ ಸುತ್ತುತ್ತೆ."

"ಯಾರೂ ಮುಟ್ಟದೆಯೇ?"

"ಯಾರೂ ಮುಟ್ಟದೆಯೇ."

ಮುಟ್ಟಿ ಮುಟ್ಟಿ ಎಲ್ಲವನ್ನೂ ಕೆಡಿಸಿದವನು ನಾನು. ಮುಟ್ಟದೆ ತಿರುಗಿಸುವ ವಸ್ತುವೊಂದು ಈ ಲೋಕದಲ್ಲಿದೆ ಎಂಬುದೇ ನನಗೆ ದೊಡ್ಡ ವಿಷಯ. ಇದಕ್ಕಿಂತ ಚಿಕ್ಕದಿದ್ದರೆ ಇನ್ನೂ ಮೆತ್ತಗಿರುತ್ತದಲ್ಲವೇ ಎಂದು ಪಂಡಿತನ ಧಾಟಿಯಲ್ಲಿ ಕೇಳಿದೆ.

"ಇಲ್ಲ. ಚಿಕ್ಕದನ್ನ ಜೋರಾಗಿ ಓಡಿಸಿದ್ರೆ ಕಿರುಚುತ್ತೆ. ಬಲವಾಗಿರೋದನ್ನ ನಿಧಾನವಾಗಿ ಓಡಿಸಿ, ಅದೇ ಮೌನದ ಗುಟ್ಟು. ಮೂರು ಮಾತು ನೆನಪಿಡಿ. ಒಂದು, ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಎರಡು, ವೇಗ ಕಮ್ಮಿ ಇಡಿ. ಮೂರು..."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹೆಂಡತಿ, ಬರುವಾಗ ಸಾಬೂನು ತರಲು ಹೇಳಿದಳು. ನಾನು ಸಾಬೂನು ಮರೆಯಬಾರದೆಂದು ಮೂರನೆಯ ಮಾತನ್ನು ಮರೆತೆ. ಮನೆಗೆ ಹೋದಾಗ ಸಾಬೂನೂ ಇರಲಿಲ್ಲ.

ಜೋಡಣೆ ಶುರುವಾಯಿತು. ಡಬ್ಬದಲ್ಲಿ ಪಂಪಿನ ಜೊತೆ ಬೆರಳು ದಪ್ಪದ ಮೆತ್ತನೆಯ ಕಪ್ಪು ಹಲಗೆಯೊಂದಿತ್ತು, ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುವಂಥದ್ದು. ಪಂಪಿಗೆ ಪೆಟ್ಟಾಗದಿರಲಿ ಎಂದು ತುಂಬಿ ಕಳಿಸಿದ್ದು ಎಂದು ತಿಳಿದು ಆಚೆ ಎಸೆದೆ. ಎಸೆದದ್ದು ಮಾವನವರ ಕಾಲ ಬಳಿ ಬಿತ್ತು. ಅವರು ಅದನ್ನು ಎತ್ತಿ, ಒತ್ತಿ ನೋಡಿ, "ಒಳ್ಳೇ ಮಾಲು" ಎಂದು ತಮ್ಮ ಕುಂಟುವ ಕುರ್ಚಿಯ ಕಾಲಿನ ಕೆಳಗೆ ಇಟ್ಟುಕೊಂಡರು. ವರ್ಷಗಳಿಂದ ಟಕ್ ಟಕ್ ಎನ್ನುತ್ತಿದ್ದ ಕುರ್ಚಿ ನೆಟ್ಟಗೆ ನಿಂತಿತು. ನಾನು ಪಂಪನ್ನು ಕಂಪ್ಯೂಟರಿನ ಪೆಟ್ಟಿಗೆಯ ತಗಡಿಗೆ ನಾಲ್ಕು ಸ್ಕ್ರೂ ಹಾಕಿ, ಮೈಯ ಬಲವನ್ನೆಲ್ಲ ಹಾಕಿ ಬಿಗಿದೆ.

ನೀರು ಎಲ್ಲಿಂದಾದರೂ ಸೋರಿದರೆ ಗೊತ್ತಾಗಲೆಂದು ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿದೆ. ಪಂಪಿನ ಜೊತೆಗಿದ್ದ ಪುಟ್ಟ ಗಾಜಿನ ತೊಟ್ಟಿಗೆ ನೀರು ತುಂಬಿ, ಮೊದಲು ಪಂಪೊಂದಕ್ಕೇ ಕರೆಂಟು ಕೊಟ್ಟು ಓಡಿಸಿದೆ. ಗರಗರ ಎಂದಿತು. ಹೆಂಡತಿ ಮುಖ ತಿರುಗಿಸಿದಳು.

"ಒಳಗೆ ಗಾಳಿ ಸೇರ್ಕೊಂಡಿದೆ ಅಷ್ಟೇ," ಎಂದು ನಾನು ಇಡೀ ಪೆಟ್ಟಿಗೆಯನ್ನು ತಬ್ಬಿ, ಎಡಕ್ಕೂ ಬಲಕ್ಕೂ ವಾಲಿಸಿದೆ. ಮಗುವಿಗೆ ತೇಗು ಬರಿಸುವುದೂ ಇದೇ ಕ್ರಮ. ಗುಳ್ಳೆಗಳು ಒಂದರ ಹಿಂದೆ ಒಂದು ಗಾಜಿನ ತೊಟ್ಟಿಗೆ ಏರಿ ಬಂದು ಒಡೆದವು. ಗರಗರ ಹೋಗಿ ಗುರುಗುರು ಆಯಿತು, ಅದೂ ಹೋಗಿ ಏನೂ ಇಲ್ಲವಾಯಿತು. ಒಂದೇ ಒಂದು ಪುಟ್ಟ ಗುಳ್ಳೆ ಮಾತ್ರ ಪಾರದರ್ಶಕ ನಳಿಗೆಯೊಳಗೆ ಓಡಿ, ಒಂದು ಸುತ್ತು ಹಾಕಿ ಮತ್ತೆ ಬಂತು. ನೀರು ಹರಿಯುತ್ತಿತ್ತು, ಆದರೆ ಹರಿಯುವ ಸದ್ದಿರಲಿಲ್ಲ. ನಾವಿಬ್ಬರೂ ಮಂಡಿಯೂರಿ ಆ ಗುಳ್ಳೆ ನೋಡುತ್ತ ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ.

"ಇಷ್ಟು ಸುಮ್ಮನೆ ಕೆಲಸ ಮಾಡೋದು ಯಾರಿಂದ ಕಲೀತೋ," ಎಂದಳು ಹೆಂಡತಿ ಮೆಲ್ಲಗೆ.

"ಕೆಟ್ಟುಹೋಗಿದೆ!" ಎಂದು ಮಾವನವರು ಕುರ್ಚಿಯಿಂದ ಕೂಗಿದರು. "ಮೇಜಿನ ಮೇಲೆ ಕೈಯಿಟ್ಟು ನೋಡಿದೀನಿ, ಮೊದಲಿನ ಹಾಗೆ ಗಡಗಡ ಅನ್ನಲ್ಲ. ಸದ್ದು ಮಾಡದ ಯಂತ್ರ ಯಂತ್ರವೇ ಅಲ್ಲ ಅಳಿಯಂದ್ರೇ!"

ಟಿಶ್ಯೂಗಳು ಒಣಗಿಯೇ ಇದ್ದವು. ಕಂಪ್ಯೂಟರು ಆನ್ ಆಯಿತು. ನಾನು ಎದೆ ಸೆಟೆಸಿ ಅದನ್ನು ಮೂಲೆಗೆ ತಳ್ಳಿ, ಮೇಜನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಆ ಮೂಲೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ಹೋಗುವ ನೀರಿನ ಪೈಪಿದೆ. ಮೇಜಿನ ಅಂಚು ಆ ಪೈಪಿಗೆ ತಗುಲಿ ನಿಂತಿದ್ದನ್ನು ಯಾರು ನೋಡಿದರು?

ಶನಿವಾರ ಮಧ್ಯಾಹ್ನ ಹೆಂಡತಿ ಪರದೆಗಳ ನಡುವೆ ಕೂತು, ಮೈಕಿನ ಮುಂದೆ ನಾಲ್ಕು ಸಾಲು ಓದಿ, ಇಯರ್‌ಫೋನ್ ಹಾಕಿ ಕೇಳಿದಳು. ಅವಳ ಮುಖ ಇಳಿಯಿತು.

"ರೀ, ದುಂಬಿ ಇದೆ."

"ಎಲ್ಲಿ? ಓಡಿಸ್ತೀನಿ."

"ಇದರೊಳಗೆ. ಝುಂ ಅಂತಿದೆ ಕೇಳಿ."

ಕೇಳಿದೆ. ಕೋಣೆಯಲ್ಲಿ ಸದ್ದೇ ಇಲ್ಲ, ಮೈಕಿನೊಳಗೆ ಮಾತ್ರ ದುಂಬಿ! ಪಂಪಿಗೆ ಕಿವಿಯಿಟ್ಟೆ, ಇಲ್ಲ. ಪರದೆಗಳನ್ನೆಲ್ಲ ಒದರಿದೆ, ಇಲ್ಲ. ಗಡಿಯಾರದ ಸೆಲ್ಲು ತೆಗೆದೆ, ಫ್ರಿಜ್ಜು ಆಫ್ ಮಾಡಿದೆ. ದುಂಬಿ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಸಂಜೆ ಹತ್ತಿರ ಬರುತ್ತಿತ್ತು. ಅವಳು ಏನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ಬಾಗಿಲು ದಬದಬ ಬಡಿಯಿತು.

ಬಾಗಿಲಲ್ಲಿ ಹಲ್ಲಿನ ಡಾಕ್ಟರು. ಅವರ ಹಿಂದೆ ನಾಲ್ಕನೇ ಮಹಡಿಯ ಅಜ್ಜಿ, ಕೈಯಲ್ಲಿ ಖಾಲಿ ಬಕೆಟ್ಟು. ಅವರ ಹಿಂದೆ ನೀರಿನ ಇಲಾಖೆಯ ಇನ್ಸ್‌ಪೆಕ್ಟರು. ಅವರ ಕೈಯಲ್ಲಿ ಆಳೆತ್ತರದ ಕಬ್ಬಿಣದ ಸರಳು, ಅದರ ತುದಿಯಲ್ಲೊಂದು ಮರದ ಬಟ್ಟಲು. ನೆಲದೊಳಗೆ ಪೈಪು ಎಲ್ಲಿ ಸೋರುತ್ತದೆ ಎಂದು ಸರಳನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿಗೊಟ್ಟು ಕೇಳುವವರು ಅವರು.

"ಎರಡು ದಿನದಿಂದ ನನ್ನ ಬಚ್ಚಲ ಗೋಡೆ ಗುಂಯ್ ಅಂತಿದೆ," ಎಂದರು ಅಜ್ಜಿ. "ನಲ್ಲಿ ತಿರುಗಿಸಿದ್ರೆ ನೀರು ಬರಲ್ಲ, ಬರೀ ಗುಂಯ್!"

"ನಾನು ಸುತ್ತಿಬಳಸಿ ಮಾತಾಡೋನಲ್ಲ," ಎಂದರು ಡಾಕ್ಟರು. "ಪರದೆಯವರೇ, ನಿಮ್ಮ ಮನೇಲಿ ಪಂಪು ಇದೆಯೋ ಇಲ್ಲವೋ?"

ನನ್ನ ಮುಖ ಅರಳಿತು. ಕೊನೆಗೂ ಯಾರೋ ನೋಡಲು ಬಂದರಲ್ಲ! "ಇದೆ, ಇದೆ! ಬನ್ನಿ ಒಳಗೆ."

ಮೂವರೂ ಮುಖ ಮುಖ ನೋಡಿಕೊಂಡರು. ಕಳ್ಳ ಇಷ್ಟು ಸಂತೋಷದಿಂದ ಒಪ್ಪಿಕೊಂಡದ್ದನ್ನು ಅವರು ಕಂಡಿರಲಿಲ್ಲ.

"ಎಷ್ಟು ನೀರು ಎಳೆಯುತ್ತೆ?" ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು.

"ಗಂಟೆಗೆ ಸಾವಿರ ಲೀಟರಿನ ಮೇಲೆ ಅಂತ ಡಬ್ಬದ ಮೇಲೇ ಬರೆದಿದೆ ಸಾರ್!"

"ಸಾವಿರ!" ಅಜ್ಜಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕೂತರು. "ಅಯ್ಯೋ ಪಾಪಿ, ನಾನು ಇಲ್ಲಿ ಚೊಂಬಿಗೆ ಕಾಯ್ತಿದೀನಿ!"

"ಅಷ್ಟು ನೀರು ಎಲ್ಲಿಗೆ ಹೋಗುತ್ತೆ? ಮಾರ್ತೀರಾ?" ಡಾಕ್ಟರು ಬೆರಳು ತೋರಿಸಿದರು. "ಬಾಯಿ ಬಿಡಿ!"

ಅವರು ಬಾಯಿ ಬಿಡಿ ಎಂದರೆ ಬಿಟ್ಟು ನನಗೆ ಅಭ್ಯಾಸ. ಬಿಟ್ಟೆ. "ಆ ಬಾಯಲ್ಲ ಸ್ವಾಮೀ, ಉತ್ತರ ಹೇಳಿ!" ಎಂದರು.

"ಎಲ್ಲಿಗೂ ಹೋಗಲ್ಲ ಡಾಕ್ಟ್ರೇ. ಅಲ್ಲೇ ಸುತ್ತುತ್ತೆ."

"ಸಾವಿರ ಲೀಟರು ಈ ಕೋಣೇಲಿ ಸುತ್ತುತ್ತಾ?"

"ಹೌದು."

"ಒಟ್ಟು ಎಷ್ಟು ನೀರು ಇಟ್ಟಿದೀರಿ?"

"ಎರಡು ಲೋಟ."

ಅಜ್ಜಿ ಡಾಕ್ಟರ ಕಡೆ ತಿರುಗಿ, "ಇವನಿಗೆ ಹಲ್ಲಲ್ಲ, ಬೇರೆ ಎಲ್ಲೋ ತೊಂದರೆ," ಎಂದರು.

ಇನ್ಸ್‌ಪೆಕ್ಟರು ಅನುಭವಸ್ಥರು. ಮಾತು ನಂಬುವವರಲ್ಲ, ಸರಳು ನಂಬುವವರು. "ಎಲ್ಲರೂ ಉಸಿರು ಹಿಡೀರಿ," ಎಂದು ಹೇಳಿ ಮೂಲೆಯ ಪೈಪಿಗೆ ಸರಳು ಊರಿ, ಬಟ್ಟಲಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದರು. "ಇದೆ," ಎಂದರು. ಡಾಕ್ಟರು ನನ್ನ ಕಡೆ ಗೆದ್ದವರಂತೆ ನೋಡಿದರು. ಸರಳು ಪೈಪಿನಿಂದ ಮೇಜಿಗೆ ಬಂತು. "ಇಲ್ಲೂ ಇದೆ." ಮೇಜಿನಿಂದ ಪೆಟ್ಟಿಗೆಯ ತಗಡಿಗೆ ಬಂತು. "ಇಲ್ಲಿ ಇನ್ನೂ ಜೋರು." ಕೊನೆಗೆ ಪೆಟ್ಟಿಗೆಯೊಳಗೆ ಇಣುಕಿ, ಆ ಕಪ್ಪು ಉಂಡೆಯ ನೆತ್ತಿಗೆ ಸರಳನ್ನು ಸುಮ್ಮನೆ ತಾಗಿಸಿದರು.

ಅವರ ಮುಖವೇ ಬದಲಾಯಿತು. ಕಣ್ಣು ಬಿಡಲೇ ಇಲ್ಲ.

"ಏನು ಸಾರ್?" ಎಂದರು ಡಾಕ್ಟರು.

"ಸುಮ್ನಿರಿ." ಇನ್ಸ್‌ಪೆಕ್ಟರ ದನಿ ಮೆತ್ತಗಾಗಿತ್ತು. "ಇಷ್ಟು ವರ್ಷದಲ್ಲಿ ಎಂತೆಂಥ ಮೋಟಾರಿಗೆ ಕಿವಿ ಕೊಟ್ಟಿದೀನಿ. ಕೆಮ್ಮೋದು, ನರಳೋದು, ಹಲ್ಲು ಕಡಿಯೋದು. ಇದು ಹಾಡ್ತಾ ಇದೆ ಸ್ವಾಮಿ. ಒಂದೇ ಸ್ವರ."

ಡಾಕ್ಟರು ಸರಳು ಕಸಿದುಕೊಂಡು ಕೇಳಿದರು. ಅವರ ಬಾಯಿ ತಾನೇ ತೆರೆಯಿತು. ಅಜ್ಜಿ ಬಕೆಟ್ಟಿನಿಂದ ಎದ್ದು, "ನನಗೂ, ನನಗೂ" ಎಂದು ಕೇಳಿದರು. ನಳಿಗೆಯೊಳಗೆ ಆ ಪುಟ್ಟ ಗುಳ್ಳೆ ಸುತ್ತುವುದನ್ನು ಕಂಡು, "ಅಯ್ಯೋ, ಎರಡೇ ಲೋಟ! ನಿಜ ಹೇಳಿದಾನೆ ಕಣ್ರೀ," ಎಂದು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಕಳ್ಳನನ್ನು ಹಿಡಿಯಲು ಬಂದವರು ಸಾಲು ನಿಂತು ಪಂಪಿಗೆ ಕಿವಿಗೊಡುತ್ತಿದ್ದರು. ನಾನು ಹೆಮ್ಮೆಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

"ಹಾಡ್ತಿರೋದೇ ನಿಮ್ಮ ತೊಂದರೆ," ಎಂದರು ಇನ್ಸ್‌ಪೆಕ್ಟರು. "ಪಂಪು ಗಾಳಿಗೆ ಸದ್ದು ಬಿಡ್ತಿಲ್ಲ, ತಗಡಿಗೆ ಬಿಡ್ತಿದೆ. ತಗಡು ಮೇಜಿಗೆ, ಮೇಜು ಪೈಪಿಗೆ, ಪೈಪು ಅಜ್ಜಿಯವರ ಬಚ್ಚಲಿಗೆ. ಇದರ ಕೆಳಗೆ ಮೆತ್ತನೇದು ಏನೂ ಇಡಲಿಲ್ವಾ? ಡಬ್ಬದಲ್ಲಿ ಕೊಟ್ಟಿರಬೇಕಲ್ಲ?"

ಅಂಗಡಿಯಾಕೆಯ ಮೂರನೆಯ ಮಾತು ಈಗ ನನ್ನ ಕಿವಿಯಲ್ಲಿ ಗಂಟೆ ಬಾರಿಸಿತು. ನಾನು ಮಾವನವರ ಕುರ್ಚಿಯ ಕಡೆ ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಎಲ್ಲರೂ ನೋಡಿದರು.

"ಏನು? ನನ್ನನ್ಯಾಕೆ ಹಾಗೆ ನೋಡ್ತೀರಿ?" ಎಂದರು ಮಾವನವರು.

ಹೆಂಡತಿ ಕುರ್ಚಿಯ ಕಾಲು ತೋರಿಸಿ, ಮೈಕು ತೋರಿಸಿ, ಹೊರಗೆ ಇಳಿಯುತ್ತಿದ್ದ ಬಿಸಿಲು ತೋರಿಸಿದಳು. ಮಾವನವರು ಅವಳ ಮುಖವನ್ನೇ ನೋಡಿದರು.

"ವರ್ಷಗಳ ಮೇಲೆ ಕುರ್ಚಿ ನೆಟ್ಟಗೆ ನಿಂತಿತ್ತು," ಎಂದು ಗೊಣಗುತ್ತ ಎದ್ದರು. ಬಗ್ಗಿ ಹಲಗೆಯನ್ನು ಎಳೆದು, ಅಂಗಿಯ ತುದಿಯಿಂದ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

ಆಮೇಲೆ ನಡೆದ ಗಡಿಬಿಡಿಯನ್ನು ಏನೆಂದು ಹೇಳಲಿ. ನಾನು ಸ್ಕ್ರೂ ಬಿಚ್ಚಿದೆ. ಡಾಕ್ಟರು ಹಲ್ಲು ನೋಡುವ ತಮ್ಮ ಸಣ್ಣ ಕನ್ನಡಿ ತರಿಸಿ, ಪೆಟ್ಟಿಗೆಯೊಳಗೆ ಹಿಡಿದು, "ಹಿಂದಿನ ಎಡಗಡೇದು ಇನ್ನೂ ಸಡಿಲ ಆಗಿಲ್ಲ," ಎಂದು ದಾರಿ ತೋರಿಸಿದರು. ಪಂಪಿನ ಕೆಳಗೆ ಮೆತ್ತನೆ ಹಲಗೆ ಕೂತಿತು, ಸ್ಕ್ರೂ ಈ ಸಲ ಬೆರಳ ತುದಿಯಷ್ಟೇ ಬಿಗಿ. ಇನ್ಸ್‌ಪೆಕ್ಟರೂ ನಾನೂ ಮೇಜನ್ನು ಪೈಪಿನಿಂದ ಒಂದು ಗೇಣು ಈಚೆ ಎಳೆದೆವು. ಸರಳನ್ನು ಪೈಪಿಗೆ ಊರಿ ಕೇಳಿದ ಇನ್ಸ್‌ಪೆಕ್ಟರು ತಲೆಯಾಡಿಸಿದರು. "ಹೋಯ್ತು."

"ಓಡ್ತಿದೆಯೋ ಕೆಟ್ಟಿದೆಯೋ ನಾನೇ ನೋಡ್ತೀನಿ," ಎಂದು ಮಾವನವರು ಜೇಬಿನಿಂದ ಕಿವಿಯ ಯಂತ್ರ ತೆಗೆದು ಸಿಕ್ಕಿಸಿಕೊಂಡರು. ಕತ್ತು ಮುಂದೆ ಚಾಚಿ ಕೇಳಿದರು. "ಏನೂ ಇಲ್ಲ!" ಎಂದರು. ಆಮೇಲೆ ಗುಳ್ಳೆ ಸುತ್ತುವುದನ್ನು ನೋಡಿ ಕತ್ತು ಹಿಂದೆಳೆದುಕೊಂಡರು.

ಹೆಂಡತಿ ಗಡಿಯಾರ ನೋಡಿದಳು. ಸೆಲ್ಲು ನನ್ನ ಜೇಬಿನಲ್ಲಿತ್ತು. ಕಿಟಕಿ ನೋಡಿದಳು.

"ಈಗ ಯಾರೂ ಹೊರಗೆ ಹೋಗೋ ಹಾಗಿಲ್ಲ," ಎಂದಳು. ನಿಲ್ದಾಣದ ದನಿ ಅದು, ಓಡುವವರನ್ನು ನಿಲ್ಲಿಸುತ್ತಿದ್ದ ದನಿ. "ಬಾಗಿಲು ಕಿರುಗುಟ್ಟುತ್ತೆ, ಮೆಟ್ಟಿಲು ಸದ್ದಾಗುತ್ತೆ. ಇದ್ದಲ್ಲೇ ಕೂತ್ಕೊಳ್ಳಿ. ಕೆಮ್ಮು ಬಂದ್ರೆ ನುಂಗಿ."

ನೀರಿನ ಇಲಾಖೆ ಪರದೆಗೆ ಒರಗಿ ಕೂತಿತು. ಸಂಘದ ಕಾರ್ಯದರ್ಶಿ ನೆಲದ ಮೇಲೆ ಕೂತರು. ಅಜ್ಜಿ ಬಕೆಟ್ಟಿನ ಮೇಲೆ ಕೂತರು. ಮಾವನವರು ಕುಂಟುವ ಕುರ್ಚಿಯ ತುದಿಯಲ್ಲಿ, ಅದು ಟಕ್ ಎನ್ನದಂತೆ ಎರಡೂ ಕಾಲೂರಿ ಕೂತರು. ಅವಳು ಓದತೊಡಗಿದಳು.

ಹೊಳೆ ದಾಟಿಸುವ ಹೆಂಗಸೊಬ್ಬಳ ಕಥೆ ಅದು. ನೆರೆ ಬಂದ ಸಂಜೆ, ಆಚೆ ದಡದಲ್ಲಿ ಯಾರೋ ಕೂಗುತ್ತಾರೆ, ಅವಳು ದೋಣಿ ಬಿಡುತ್ತಾಳೆ. ನಾನು ಆ ಕಥೆಯನ್ನು ವಾರದಿಂದ ಗಿರಣಿಯ ಸದ್ದಿನ ಜೊತೆ ಕೇಳಿದವನು. ಆವತ್ತು ಬರೀ ಅವಳ ದನಿ ಕೇಳಿದೆ. ಅಬ್ಬಾ, ಇಂಥ ದನಿಯ ಜೊತೆ ಇಷ್ಟು ವರ್ಷ ಬಾಳಿ, ಸಾಬೂನು ತನ್ನಿ ಎಂದದ್ದನ್ನೂ ನೆಟ್ಟಗೆ ಕೇಳಲಿಲ್ಲವಲ್ಲ ನಾನು! ಕೋಣೆಯಲ್ಲಿ ಹೊಳೆ ಏರುತ್ತಿತ್ತು. ಡಾಕ್ಟರು ಕಾಲು ಮಡಿಸಿಕೊಂಡರು. ಅಜ್ಜಿ ಕಣ್ಣು ಒರೆಸಿಕೊಂಡರು. ಎರಡು ಲೋಟ ನೀರು ತನ್ನಷ್ಟಕ್ಕೆ ಸುತ್ತುತ್ತಿತ್ತು.

"ದೋಣಿ ನಡುಹೊಳೆಗೆ ಬಂತು," ಎಂದು ಓದಿದಳು ಅವಳು. "ಹುಟ್ಟು ಕೈಜಾರಿತು. ಆಚೆ ದಡದ ಕೂಗೂ ನಿಂತಿತು." ಓದಿ, ಅಲ್ಲಿ ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದಳು.

"ಆಮೇಲೆ?"

ಮಾವನವರು. ಕುರ್ಚಿಯಿಂದ ಮುಂದೆ ಬಾಗಿದ್ದರು, ಬಾಯಿ ಅರೆ ತೆರೆದಿತ್ತು. ತಾವು ಮಾತಾಡಿದ್ದೇ ಅವರಿಗೆ ಗೊತ್ತಿದ್ದಂತಿರಲಿಲ್ಲ. ಡಾಕ್ಟರು ಹಣೆ ಚಚ್ಚಿಕೊಂಡರು. ಎಲ್ಲಾ ಹಾಳಾಯಿತು, ಮತ್ತೆ ಮೊದಲಿನಿಂದ ಓದಲು ಹೊತ್ತೂ ಇಲ್ಲ.

ಹೆಂಡತಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವರ ಕಿವಿಯ ಯಂತ್ರ ನೋಡಿದಳು. ಅವಳ ಕಣ್ಣು ತುಂಬಿತು. ಆದರೆ ದನಿ ಅಲುಗಲಿಲ್ಲ. ಪುಟ ತಿರುಗಿಸಿ, ಅಪ್ಪನಿಗೇ ಹೇಳುವವಳಂತೆ, ಮುಂದಿನ ಸಾಲು ಓದಿದಳು. ಕೊನೆಯವರೆಗೂ ಓದಿದಳು.

ಮುಗಿಸಿ ರೆಕಾರ್ಡಿಂಗ್ ಕಳಿಸಿದ ಮೇಲೂ ಯಾರೂ ಏಳಲಿಲ್ಲ. ಮೊದಲು ಎದ್ದವರು ಇನ್ಸ್‌ಪೆಕ್ಟರು. ಕರ್ತವ್ಯ ಕರ್ತವ್ಯವೇ ಎಂದು ಅಜ್ಜಿಯ ಬಚ್ಚಲಿಗೂ ಹೋಗಿ ಬಂದರು. ಅಜ್ಜಿ ಬಕೆಟ್ಟುಗಳನ್ನು ಒತ್ತೊತ್ತಾಗಿ ಪೇರಿಸುವಾಗ ಒಂದರ ಹಿಡಿ ತಾಗಿ ಅವರದೇ ವಾಲ್ವು ಮುಕ್ಕಾಲು ಮುಚ್ಚಿಹೋಗಿತ್ತು. ತಿರುಗಿಸಿದ್ದೇ ತಡ ನೀರು ಧೋ ಎಂದು ಸುರಿಯಿತು. "ಸದ್ದು, ಸದ್ದು! ಮೆಲ್ಲಗೆ ಬಿಡಿ!" ಎಂದು ಡಾಕ್ಟರು ಮೆಟ್ಟಿಲಿನಿಂದಲೇ ನಲ್ಲಿಯನ್ನು ಗದರಿದರು. ಇನ್ಸ್‌ಪೆಕ್ಟರು ತಮ್ಮ ವರದಿಯಲ್ಲಿ, 'ಮೂರನೇ ಮಹಡಿಯಲ್ಲಿ ಪಂಪು ಇದೆ, ನೀರು ಎರಡು ಲೋಟ. ಆಗಾಗ ಬಂದು ಪರಿಶೀಲಿಸುವುದು ಅಗತ್ಯ' ಎಂದು ಬರೆದರು. ಹೊಸ ಕಥೆ ಯಾವತ್ತು ಓದುತ್ತೀರಿ ಎಂದು ನನ್ನ ಹೆಂಡತಿಯನ್ನು ಕೇಳಿಯೇ ಹೋದರು.

ಸೋಮವಾರ ಮೇಡಂ ಫೋನ್ ಮಾಡಿದರು. "ಕೆಲಸ ನಿಮ್ಮದೇ. ಸ್ಟುಡಿಯೋದಲ್ಲಿ ಕೂತು ಓದಿದ ಹಾಗಿದೆ. ನಡುವೆ ಯಾರೋ ಹಿರಿಯರು 'ಆಮೇಲೆ?' ಅಂತ ಕೇಳ್ತಾರೆ, ಅದೊಂದನ್ನ ತೆಗೆದು ಕಳಿಸಿಬಿಡಿ."

ಅವಳು ತೆಗೆದು ಕಳಿಸಿದಳು. ತೆಗೆದದ್ದನ್ನು ಮಾತ್ರ ಎಸೆಯಲಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೊಂದು ಹೆಸರು ಕೊಟ್ಟು ಇಟ್ಟುಕೊಂಡಿದ್ದಾಳೆ, ಒಬ್ಬಳೇ ಇರುವಾಗ ಹಾಕಿ ಕೇಳುತ್ತಾಳೆ.

ಮಾವನವರ ಕಿವಿಯ ಯಂತ್ರ ಈಗ ಜೇಬಿಗೆ ಹೋಗುವುದಿಲ್ಲ. ಕುರ್ಚಿ ಮತ್ತೆ ಕುಂಟುತ್ತಿದೆ. ಅದಕ್ಕೆ ಒಂದು ರಬ್ಬರಿನ ತುಂಡು ಇಡುತ್ತೇನೆ ಎಂದು ನಾನು ಹೋದರೆ ಅವರು ಬಿಡಲಿಲ್ಲ.

"ಬೇಡ ಅಳಿಯಂದ್ರೇ," ಎಂದರು. "ಅದು ಟಕ್ ಅನ್ನೋದು ಈಗ ನನಗೂ ಕೇಳುತ್ತೆ."